ಹೆಣಿಗೆ ಯಂತ್ರದ ಗುಂಪು

ಸೋಮವಾರ, ಬೆಳಿಗ್ಗೆ 10

ಮತ್ತೆ ಅದೇ. ‘ಪರ್ಮಿಷನ್ ಡಿನೈಡ್’, ನಿನಗೆ ಅನುಮತಿ ಇಲ್ಲ ಅಂತ. ಐದನೇ ಸಲ. ಯಂತ್ರದ ವಿನ್ಯಾಸ ಓದುವ ಭಾಗ ಕೆಟ್ಟಿದೆ, ಅದರ ಬದಲು ವಿನ್ಯಾಸ ಕಳಿಸಲು ಕೇಬಲ್ ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೇನೆ, ಕಮಾಂಡ್ ಕೊಟ್ಟಿದ್ದೇನೆ. ಹೆಣಿಗೆ ಯಂತ್ರ ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡದು. ಪಕ್ಕದ ಮನೆಯ ಮೇಷ್ಟ್ರು ಇದರಲ್ಲಿ ಮೂವತ್ತು ವರ್ಷ ಸ್ವೆಟರ್ ಹೆಣೆದವರು. “ಶನಿವಾರದೊಳಗೆ ಓಡಿಸಿದ್ರೆ ನಿಂದು, ಇಲ್ದಿದ್ರೆ ಗುಜರಿಗೆ” ಅಂದಿದ್ದಾರೆ. ಗುಜರಿಗಂತೆ! ನಾನಿರುವಾಗ!

11.30

ನಾದಿನಿಗೆ ಫೋನ್ ಮಾಡಲಿಲ್ಲ. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು, ಬುದ್ಧಿ ಹೇಳಲು ಶುರುಮಾಡಿದರೆ ಮುಗಿಯದು. ಕಮಾಂಡಿನ ಮುಂದೆ ‘ಸುಡೊ’ ಸೇರಿಸಿದೆ — ಯಜಮಾನನ ಅಧಿಕಾರದಲ್ಲಿ ಓಡಿಸು ಅಂತ. ಓಡಿತು! ಹತ್ತು ಸಾಲು ಹೆಣೆದೆ, ವಿನ್ಯಾಸ ಸೇವ್ ಮಾಡಿದೆ. ಗೆದ್ದೆ.

ಮಂಗಳವಾರ

ಗೆದ್ದಿರಲಿಲ್ಲ. ನಾನೇ ಮಾಡಿದ ವಿನ್ಯಾಸದ ಫೈಲನ್ನು ತಿದ್ದಲು ನನ್ನನ್ನೇ ಬಿಡುತ್ತಿಲ್ಲ. ವಿಧಿಯಿಲ್ಲದೆ ಫೋನ್.

“ಸುಡೊ ಹಾಕಿದ್ರಾ ಅತ್ತಿಗೆ?”

“ಒಂದೇ ಸಲ ಕಣೇ.”

“ಸರಿಹೋಯ್ತು. ಫೈಲು ಈಗ ರೂಟ್ ಅನ್ನೋ ಯಜಮಾನನ ಹೆಸರಲ್ಲಿದೆ. ನಿಮ್ಮ ಹೆಸರಿಗೆ ಮಾಡ್ಕೊಳ್ಳಿ. ಆಮೇಲೆ ಆ ಕೇಬಲ್ ಬಳಸೋರ ಗುಂಪು ಒಂದಿರುತ್ತೆ, ಅದಕ್ಕೆ ಸೇರ್ಕೊಳ್ಳಿ.”

ಅವಳು ಹೇಳಿದಂತೆ ಟೈಪ್ ಮಾಡಿದೆ. ಫೈಲು ಸರಿಯಾಯಿತು. ಯಂತ್ರ... ಪರ್ಮಿಷನ್ ಡಿನೈಡ್. ಅಳುವೇ ಬಂತು.

ಶುಕ್ರವಾರ, ಮಧ್ಯಾಹ್ನ

ಲ್ಯಾಪ್‌ಟಾಪಿನ ಜೊತೆ ಎರಡು ದಿನ ಠೂ. “ಸುಡೊ ಹಾಕ್ಕೊಂಡೇ ಹೆಣಿ, ಯಾರು ಕೇಳ್ತಾರೆ?” ಅಂದರು ಇವರು. ಅಡ್ಡದಾರಿಯಲ್ಲಿ ಓಡಿಸಿ ಮೇಷ್ಟ್ರ ಮುಖ ಹೇಗೆ ನೋಡಲಿ?

ನಾದಿನಿಯೇ ಫೋನ್ ಮಾಡಿದಳು. “ಗುಂಪಿಗೆ ಸೇರಿದ್ಮೇಲೆ ಲಾಗ್ ಔಟ್ ಮಾಡಿದ್ರಾ?”

“ಮುಚ್ಚಳ ಮುಚ್ಚಿದ್ದೆ.”

“ಅದು ನಿದ್ದೆ ಅಷ್ಟೇ ಅತ್ತಿಗೆ! ಹೊಸದಾಗಿ ಒಳಗೆ ಬಂದ್ರೇನೇ ನೀವು ಗುಂಪಿನೋರು ಅಂತ ಅದಕ್ಕೆ ಗೊತ್ತಾಗೋದು. ಯಾವತ್ತಾದ್ರೂ ಲಾಗ್ ಔಟ್ ಮಾಡಿದ್ದೀರಾ?”

ಇಲ್ಲ. ಟೈಪಿಸ್ಟ್ ಆಗಿದ್ದವಳು ನಾನು. ಕೆಲಸ ಮುಗಿದರೆ ಯಂತ್ರಕ್ಕೆ ಹೊದಿಕೆ ಹಾಕಿ ಏಳುವುದೊಂದೇ ಗೊತ್ತು.

ಲಾಗ್ ಔಟ್. ಲಾಗ್ ಇನ್. ಸುಡೊ ಇಲ್ಲದೆ ಓಡಿತು! ಕುಣಿದೆ. ಮಂಡಿ ಹಿಡಿದುಕೊಂಡಿತು, ಇರಲಿ.

ಶನಿವಾರ, ಸಂಜೆ 4

ಮೇಷ್ಟ್ರು ಬಂದರು. ವಾರದ ಕತೆಯೆಲ್ಲ ಹೇಳಿ, ಅವರದೇ ಹಳೆಯ ಎಲೆ ವಿನ್ಯಾಸ ಹೆಣೆದು ತೋರಿಸಿದೆ. ಅವರ ಕೈ ಹ್ಯಾಂಡಲ್ಲಿನ ಹತ್ತಿರ ಹೋಗಿ ಹಿಂದೆ ಬಂತು. ನೋಡಿ ಸಂಕಟವಾಯಿತು.

“ಆಯ್ತಮ್ಮ, ನಿಂದೇ.” ಬಾಗಿಲ ತನಕ ಹೋಗಿ ತಿರುಗಿದರು. “ಆ ಗುಂಪಿಗೆ... ಇನ್ನೊಬ್ಬರನ್ನ ಸೇರಿಸೋಕಾಗುತ್ತಾ?”

ಕುರ್ಚಿ ಎಳೆದು ಕೂರಿಸಿದೆ. ಅವರ ಹೆಸರಿನಲ್ಲಿ ಅಕೌಂಟ್ ತೆರೆದು ಗುಂಪಿಗೆ ಸೇರಿಸಿದೆ. ಈಗ ಪಕ್ಕದಲ್ಲೇ ಒಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತುತ್ತಿದ್ದಾರೆ, ನನಗೆ ಕಾಣದಂತೆ ಕೈ ಅಡ್ಡ ಇಟ್ಟು! ಒಳಗೆ ಬಂದರು. ಹಸಿರು ನೂಲು ಎಲ್ಲಿ ಅಂತ ಆಗಲೇ ರೇಗುತ್ತಿದ್ದಾರೆ. ಬಂದೆ ಮೇಷ್ಟ್ರೇ, ಒಂದು ನಿಮಿ—