ಏಳನೇ ಬುಟ್ಟಿ ಎತ್ತ ಕಡೆಗಿದೆ?

ಮಾನ್ಯ ಉದ್ಯಾನ ನಿರ್ದೇಶಕರೇ,

ನಿಮ್ಮ ನದಿದಂಡೆಯ ಪಾರ್ಕಿನಲ್ಲಿ ಕಳೆದ ಭಾನುವಾರ ನಾನೆಸೆದ ತಟ್ಟೆಯಂಥ ಆಟದ ಡಿಸ್ಕ್ ಬಡಿದು ಒಬ್ಬ ಹೆಂಗಸಿನ ಮಣಿಕಟ್ಟು ಮುರಿಯಿತು. ಎಸೆದ ಕೈ ನನ್ನದು, ಒಪ್ಪಿಕೊಂಡಿದ್ದೇನೆ. ಎತ್ತ ಎಸೆಯಬೇಕೆಂದು ತಿಳಿಸುತ್ತಿದ್ದ ಹಲಗೆಗಳನ್ನು ಕೀಳಿಸಿದವರು ನೀವು. ನಿಮ್ಮ ಪಾಲನ್ನು ಯಾವಾಗ ಒಪ್ಪಿಕೊಳ್ಳುತ್ತೀರಿ?

ನಾನು ಈ ಊರಿನವನಲ್ಲ. ದೂರದ ಕಂಬಕ್ಕೆ ಕಟ್ಟಿದ ಸರಪಳಿ ಬುಟ್ಟಿಗೆ ಡಿಸ್ಕ್ ಎಸೆಯುವ ಈ ಆಟವನ್ನು ಇಪ್ಪತ್ತು ವರ್ಷಗಳಿಂದ ಆಡುತ್ತಿದ್ದರೂ ನಿಮ್ಮ ಪಾರ್ಕಿಗೆ ಕಾಲಿಟ್ಟದ್ದು ಅಂದೇ ಮೊದಲು. ಅಲ್ಲಿನ ಹದಿನೆಂಟು ಬುಟ್ಟಿಗಳಿಗೂ ಜಾಗ ಗೊತ್ತುಮಾಡಿದವನು ನನ್ನ ಅಣ್ಣ ಲೊವೆಲ್. ಅಪ್ಪನ ಮಣ್ಣಿಗೆ ಬರಲಿಲ್ಲವೆಂದು ಅವನೊಂದಿಗೆ ಒಂಬತ್ತು ವರ್ಷ ಮಾತು ಬಿಟ್ಟಿದ್ದೆ. ಮಾರ್ಚಿನಲ್ಲಿ ಅವನು ತೀರಿಕೊಂಡ. ಅವನೊಡನೆ ಆಡದ ಆಟವನ್ನು ಅವನು ಮಾಡಿಟ್ಟ ಜಾಗದಲ್ಲಾದರೂ ಆಡೋಣವೆಂದು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದೆ.

ಆರು ಬುಟ್ಟಿಗಳವರೆಗೆ ಹೇಗೋ ದಾರಿ ಸಿಕ್ಕಿತು. ಏಳನೆಯದಕ್ಕೆ ನಿಂತು ಎಸೆಯುವ ಕಟ್ಟೆ ಇತ್ತು, ಬುಟ್ಟಿ ಕಾಣಿಸಲಿಲ್ಲ. ಬಲಗಡೆ ಓಕ್ ಮರಗಳ ನಡುವೆ ತೆರಪು ಕಂಡು ಅತ್ತಲೇ ಎಸೆದೆ. ಪೊದೆಯಾಚೆ ಜನ ನಡೆದಾಡುವ ದಾರಿಯಿದೆಯೆಂಬುದು ಯಾರೋ ಚೀರಿದ್ದು ಕೇಳಿದ ಮೇಲೆ ತಿಳಿಯಿತು.

ವರ್ನಾ ಎಂಬ ಆ ಹಿರಿಯರು ಕೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದರು. ಆಂಬುಲೆನ್ಸ್ ಬರುವ ತನಕ ಕ್ಷಮೆ ಕೇಳುತ್ತಲೇ ಇದ್ದೆ. ಯಾರ ತಮ್ಮನೆಂಬುದನ್ನೂ ಹೇಳಿದೆ. ಅದನ್ನು ಕೇಳಿ ಅವರೆಂದರು:

"ಲೊವೆಲ್ ಎಲ್ಲಾ ಕಟ್ಟೆ ಹತ್ರಾನೂ ಕೈಯಾರೆ ಬರೆದು ಹಲಗೆ ನೆಟ್ಟಿದ್ದ ಕಣಪ್ಪಾ, ಇಲ್ಲಿ ಎಡಕ್ಕೆ ಎಸೀರಿ, ಬಲಗಡೆ ವರ್ನಾ ವಾಕಿಂಗ್ ಬರ್ತಾಳೆ ಅಂತ. ಅವನು ತೀರ್ಕೊಂಡ ಒಂದೇ ತಿಂಗಳಿಗೆ ಪಾರ್ಕಿನವರು ಕಿತ್ಕೊಂಡು ಹೋದ್ರು."

ಸೋಮವಾರ ನಿಮ್ಮ ಕಚೇರಿಗೆ ಬಂದೆ. ಅವು ಅನುಮತಿಯಿಲ್ಲದ ಹಲಗೆಗಳು, ಪಾರ್ಕಿನ ಅಂದ ಕೆಡಿಸುತ್ತಿದ್ದವು ಎಂದರು ಅಲ್ಲಿನ ಸಿಬ್ಬಂದಿ. ನಿಮ್ಮ ಸೌಂದರ್ಯಪ್ರಜ್ಞೆಗೆ ನಮಸ್ಕಾರ. ಹೊಸವು ಯಾವಾಗ ಎಂದರೆ, ವಿನ್ಯಾಸ ಸಮಿತಿ ಇನ್ನೂ ಸೇರಿಲ್ಲವಂತೆ. ಎಪ್ಪತ್ತೆರಡರ ವಯಸ್ಸಿನಲ್ಲಿ ಬಲಗೈ ಮುರಿದುಕೊಂಡವರಿಗೆ ಸಮಿತಿಯ ಬಗ್ಗೆ ಏನೆಂದು ಹೇಳಲಿ? ಆಟ ಬಲ್ಲ ನಾನೇ ದಾರಿ ತಪ್ಪಿದೆ. ನಾಳೆ ಮೊದಲ ಸಲ ಬಂದವರು ಮಗುವಿನ ತಲೆಗೆ ಹೊಡೆದರೆ, ಆಗಲಾದರೂ ಸಭೆ ಕರೆಯುವಿರಾ?

ಹದಿನೆಂಟು ಕಟ್ಟೆಗಳಲ್ಲೂ ಈ ವಾರವೇ ದಿಕ್ಕು ತೋರಿಸುವ ಫಲಕ ಹಾಕಿಸಿ. ಇದು ಸಾರ್ವಜನಿಕರ ಪರವಾದ ಒತ್ತಾಯ. ನನ್ನದೊಂದು ಬೇಡಿಕೆಯೂ ಇದೆ. ಹಳೆಯ ಹಲಗೆಗಳು ನಿಮ್ಮ ಗೋದಾಮಿನಲ್ಲಿ ಉಳಿದಿದ್ದರೆ ಒಂದನ್ನು ನನಗೆ ಕೊಡಿ, ಯಾವುದಾದರೂ ಸರಿ. ಅಣ್ಣ ಬರೆದ ಪತ್ರಗಳನ್ನೆಲ್ಲ ಬಿಚ್ಚದೆ ವಾಪಸು ಕಳಿಸಿದವನು ನಾನು. ಅವನ ಕೈಬರಹ ನನ್ನ ಬಳಿ ಒಂದಕ್ಷರವೂ ಇಲ್ಲ.

ಇಂತಿ,
ಆಡಲು ತಡವಾಗಿ ಬಂದ,
ಗ್ಯಾರೆಟ್ ಟಿಬೆಟ್ಸ್