ಎರಡನೇ ವಿಮಾನ

ಸಂಸೆ
೨೮ ಮಾರ್ಚ್ ೨೦೨೪

ಮಗಳೇ ಕೃತಿಕಾ,

ನಿನ್ನಪ್ಪ ಸುಬ್ಬಣ್ಣ ಮಾಡುವ ಆಶೀರ್ವಾದ. ನಿನ್ನ ಕೊನೆಯ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾಯಿತೆಂದು ಮನಸ್ಸಿನಲ್ಲಿಟ್ಟುಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನ್ ಕಿವಿಗಿಟ್ಟ ಕೂಡಲೇ ನನ್ನ ಗಂಟಲು ತಾನಾಗಿಯೇ ನಾಟಕದ ಪಾರ್ಟು ಶುರು ಮಾಡುತ್ತದೆ, ಮೂರನೇ ಮನೆಯವರಿಗೂ ಕೇಳುತ್ತದೆ. ಇದು ಅವರು ಕೇಳುವ ಸಂಗತಿಯಲ್ಲ. ಅವರಿಗೆಲ್ಲ ನಿನಗಿಂತ ಮೊದಲೇ ಗೊತ್ತು ಎನ್ನುವುದು ಬೇರೆ ಮಾತು.

ನಿನ್ನಮ್ಮ ಚೆನ್ನಾಗಿದ್ದಾಳೆ. ಹೂಮಳೆ ತಡವಾದ್ದರಿಂದ ಎಸ್ಟೇಟಿನಲ್ಲಿ ಸ್ಪ್ರಿಂಕ್ಲರ್ ಹಾಕಿಸಿ ರೊಬಸ್ಟಾ ಕಾಫಿಗೆ ಹೂ ಅರಳಿಸಿದರು. ನಾನು ಎರಡು ವಾರದಿಂದ ಅಲ್ಲಿನ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಹೋಗಿಲ್ಲ.

ನಿನ್ನ ಸೋದರತ್ತೆ ದ್ಯಾವಮ್ಮನ ಮಗ ದೇವೇಂದ್ರ ಮರದಿಂದ ಬಿದ್ದ. ಜೀವಕ್ಕೇನೂ ಇಲ್ಲ, ಮಂಗಳೂರಿನ ಆಸ್ಪತ್ರೆಯಲ್ಲಿದ್ದಾನೆ. ಬೆನ್ನುಮೂಳೆ ಮುರಿದಿದೆ. ಕಾಲಿನ ಮೇಲೆ ನೊಣ ಕೂತರೆ ಅವನಿಗೆ ಗೊತ್ತಾಗುವುದಿಲ್ಲ, ನಾವು ಓಡಿಸಬೇಕು. ಇನ್ನು ಮರ ಹತ್ತುವ ಮಾತಿರಲಿ, ಮಂಚ ಇಳಿಯುವುದೂ ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ನೀವಿಬ್ಬರೂ ಒಂದೇ ಜೀಪಿನ ಹಿಂದೆ ನೇತಾಡಿಕೊಂಡು ಕಳಸದ ಶಾಲೆಗೆ ಹೋದವರು. ಅದಕ್ಕೇ ಹೇಗಾಯಿತೆಂದು ಬಿಡಿಸಿ ಬರೆಯುತ್ತೇನೆ.

ಫೆಬ್ರವರಿ ಕೊನೆಗೆ ಪಂಚಾಯಿತಿಗೆ ಒಂದು ಪ್ರಕಟಣೆ ಬಂತು. ಮಾರ್ಚ್ ಐದು, ಆರು, ಏಳು, ಬೆಳಿಗ್ಗೆ ಹತ್ತರಿಂದ ಹನ್ನೆರಡು ಗಂಟೆ, ನಮ್ಮ ಬೆಟ್ಟಸಾಲಿನ ಮೇಲಿನ ಆಕಾಶ ವಾಯುಪಡೆಯ ತರಬೇತಿ ಹಾರಾಟಕ್ಕೆ ಮೀಸಲು. ಡ್ರೋನ್ ಹಾರಿಸಬಾರದು. ತೋಟದಲ್ಲಿ ಬೆಂಕಿ ಹಾಕಿ ಹೊಗೆ ಎಬ್ಬಿಸಬಾರದು. ಮಂಗ ಓಡಿಸಲು ಪಟಾಕಿ ಹೊಡೆಯಬಾರದು. ಕೊನೆಯ ಸಾಲು ಹೀಗಿತ್ತು: ವಿಮಾನಗಳು ಬಹಳ ಕೆಳಗೆ ಹಾದುಹೋಗುವುದರಿಂದ ಆ ಹೊತ್ತಿನಲ್ಲಿ ಯಾರೂ ಮರದ ಮೇಲಿರಬಾರದು, ಮರಗಸಿ ನಿಲ್ಲಿಸತಕ್ಕದ್ದು.

ನೆರಳಿನ ಮರದ ಕೊಂಬೆ ಕಡಿಯುವ ಮರಗಸಿಯ ಕಾಲ ಅದು. ದೇವೇಂದ್ರನ ಹೊಟ್ಟೆಪಾಡೇ ಅದು.

ಪಂಚಾಯಿತಿಯ ಯೋಗೇಶ್ ಕಾಗದ ತಂದು ನನ್ನ ಕೈಗಿಟ್ಟ. "ಸುಬ್ಬಣ್ಣೋರೆ, ಜೀಪಿಗೆ ಮೈಕ್ ಕಟ್ಸಿದೀನಿ. ಏಳು ಕಡೆ ನಿಲ್ಸಿ ಓದ್ಬಿಡಿ. ನಿಮ್ ಗಂಟ್ಲಿಗೆ ಮೈಕೂ ದಂಡವೇ" ಅಂದ. ಮಗಳೇ, ಅದು ಓದುವ ಕಾಗದವೇ? ಉಪ್ಪಿಲ್ಲ, ಹುಳಿಯಿಲ್ಲ. ನಾನು ನಾಟಕದ ಮೇಷ್ಟ್ರ ಮಗ. ಹನ್ನೊಂದನೇ ವಯಸ್ಸಿಗೆ ಬಣ್ಣ ಹಚ್ಚಿದವನು. ನಲವತ್ತು ವರ್ಷ ಗದೆ ಹೊತ್ತವನು. ಜೊತೆಗೆ ಜೇಬಿನಲ್ಲಿ ನಿನ್ನ ಪತ್ರವಿತ್ತು. "ಅಪ್ಪ, ಮಾರ್ಚ್ ಐದಕ್ಕೆ ನಮ್ಮ ಬ್ಯಾಚ್ ನಮ್ಮೂರ ಮೇಲೆಯೇ ಅಭ್ಯಾಸ ಮಾಡುತ್ತದೆ. ಒಂದರ ಹಿಂದೆ ಒಂದು ನಾಲ್ಕು ವಿಮಾನ. ಎರಡನೆಯದು ನನ್ನದು" ಎಂದು ಬರೆದಿದ್ದೆ.

ಸಂಸೆಯ ಚಹದಂಗಡಿ ಎದುರು ಜೀಪ್ ನಿಂತಿತು. ನಾನು ಬಾನೆಟ್ಟಿನ ಮೇಲೆ ಹತ್ತಿ ನಿಂತೆ. "ಸಮಸ್ತ ಮಹಾಜನರೇ, ಇಂದಿಗೆ ಐದನೇ ದಿನ ಆಕಾಶಮಾರ್ಗ ಬಂದ್ ಆಗುತ್ತದೆ. ಹದ್ದು ಕೂಡ ಅಪ್ಪಣೆ ಕೇಳಿ ಹಾರಬೇಕು" ಎಂದು ಎತ್ತಿಕೊಂಡೆ. ಡ್ರೋನ್ ಹೇಳಿದೆ, ಬೆಂಕಿ ಹೇಳಿದೆ, ಪಟಾಕಿ ಹೇಳಿದೆ. ಅಷ್ಟಕ್ಕೇ ಶಿಳ್ಳೆ ಬಿತ್ತು. ಆಗ ನನ್ನ ಕಣ್ಣೆದುರು ಆ ಕೊನೆಯ ಸಾಲಿತ್ತು. ಮರ ಹತ್ತಬೇಡಿ, ಬಿದ್ದೀರಿ ಅಂತ ಮುಗಿಸಿದರೆ ಕಟ್ಟಿದ ದೃಶ್ಯವೆಲ್ಲ ಇಳಿದುಹೋಗುತ್ತದೆ ಅನಿಸಿತು. ಅದನ್ನು ಬಿಟ್ಟೆ. "ಆ ನಾಲ್ಕರಲ್ಲಿ ಎರಡನೇ ರಥದ ಸಾರಥಿ ಈ ಸುಬ್ಬಣ್ಣನ ಕುವರಿ, ನಿಮ್ಮೂರ ಕೃತಿಕಾ. ತಲೆಯೆತ್ತಿ ನೋಡಿ, ಕೈಯೆತ್ತಿ ಹರಸಿ" ಎಂದು ಮುಗಿಸಿದೆ. ಎಂಥ ಚಪ್ಪಾಳೆ ಅಂತೀಯ. ಆ ಚಪ್ಪಾಳೆಗಾಗಿ ಏಳು ಕಡೆಯೂ ಹಾಗೆಯೇ ಮುಗಿಸಿದೆ.

ದೇವೇಂದ್ರ ಚಹದಂಗಡಿ ಎದುರೇ ಕತ್ತಿ ಮಸೆಯುತ್ತ ಕೂತಿದ್ದ. "ಮಾವ, ಸಿಲ್ವರ್ ಮರದ ತುದೀಲಿ ನಿಂತ್ರೆ ಅವಳಿಗೆ ನಾನು ಕಾಣ್ತೀನಾ?" ಎಂದು ಕೇಳಿದ.

"ಕಾಣದೆ ಏನು ಮಾರಾಯ, ನಿನ್ನ ಮೂಗು ಹೊರನಾಡಿನಿಂದಲೇ ಕಾಣ್ತದೆ" ಅಂದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಐದನೇ ತಾರೀಕು ಜಯಪ್ರಕಾಶ್ ಗೌಡರ ತೋಟದಲ್ಲಿ, ಅಂದರೆ ನಾನು ಕೆಲಸ ಮಾಡುವ ಎಸ್ಟೇಟಿನಲ್ಲೇ, ಮರಗಸಿ ನಡೆದಿತ್ತು. ಹತ್ತೂವರೆಗೆ ಮೊದಲನೇ ವಿಮಾನ ಬಂತು. ವಿಮಾನ ಕಣ್ಣಿಗೆ ಬೀಳುವುದು ಮೊದಲು, ಸದ್ದು ಆಮೇಲೆ. ಅದು ಕೇಳುವ ಸದ್ದಲ್ಲ, ಎದೆಗೆ ಬಂದು ಗುದ್ದುವಂಥದ್ದು. ಕಾಫಿ ಗಿಡಗಳು ಬುಡಸಮೇತ ನಡುಗಿದವು. ದೇವೇಂದ್ರ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ, ತಡೆದುಕೊಂಡ. ಆಮೇಲೆ ಏನು ಮಾಡಿದ ಅಂದರೆ, ಹಗ್ಗ ಬಿಚ್ಚಿದ. ಇನ್ನೂ ಮೇಲಿನ ಕವಲಿಗೆ ಹೋಗಬೇಕಿತ್ತು, ಹಗ್ಗ ಅಲ್ಲಿಗೆ ಸಾಲುತ್ತಿರಲಿಲ್ಲ. ಅಂಗಿ ಕಳಚಿ ಕೈಯಲ್ಲಿ ಹಿಡಿದು ನಿಂತ. ಎರಡನೆಯದು ಮೊದಲಿನದಕ್ಕಿಂತ ಕೆಳಗೆ ಬಂತು. ಅವನು ಅಂಗಿ ಬೀಸಿದ್ದನ್ನು ಕೆಳಗಿದ್ದವರೆಲ್ಲ ನೋಡಿದರು. ಬಿದ್ದದ್ದನ್ನೂ ನೋಡಿದರು.

ನಾನು ಆಸ್ಪತ್ರೆಗೆ ಹೋದಾಗ ದ್ಯಾವಮ್ಮ ಬಾಗಿಲಲ್ಲೇ ಕೂತಿದ್ದಳು. ಅಳಲಿಲ್ಲ, ಬೈಯಲೂ ಇಲ್ಲ. "ನಿನ್ ಪಾರ್ಟು ಮುಗೀತಾ ಅಣ್ಣಯ್ಯ?" ಎಂದು ಮಾತ್ರ ಕೇಳಿದಳು. ನಾನು ಒಳಗೆ ಹೋಗಿ ದೇವೇಂದ್ರನ ಕಾಲ ಮೇಲಿನ ನೊಣ ಓಡಿಸುತ್ತ ಕೂತೆ.

ಹದಿನಾಲ್ಕಕ್ಕೆ ವಾಯುಪಡೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿ ಬರುವವರಿದ್ದರು. ಹಿಂದಿನ ದಿನ ಗೌಡರು ನನ್ನನ್ನು ಕರೆಸಿದರು, ಯೋಗೇಶನೂ ಅಲ್ಲಿದ್ದ.

"ನೋಡಿ ರೈಟ್ರೇ, ಕಾಗದದಲ್ಲಿದ್ದದ್ದೆಲ್ಲ ಓದಿದೆ ಅಂತ ಹೇಳಿ. ಅಷ್ಟೇ. ನಿಮಗೂ ಒಳ್ಳೇದು, ನಮಗೂ ಒಳ್ಳೇದು" ಅಂದರು ಗೌಡರು.

"ನಮ್ಮ ದೇವೇಂದ್ರನ ಗತಿ?"

"ಅವನು ಕೇಳಿಸ್ಕೊಂಡಿಲ್ಲ ಅಂತಾಗ್ತದೆ. ಏಳು ಕಡೆ ಕೂಗಿದ್ರೂ ಹತ್ತಿದ ಅಂದ್ರೆ ಯಾರೇನು ಮಾಡಕ್ಕಾಗ್ತದೆ?"

"ಜನ ಸಾಕ್ಷಿ ಹೇಳಲ್ವಾ?"

ಯೋಗೇಶ ನಕ್ಕ. "ಆ ಚಪ್ಪಾಳೆ ಗಲಾಟೇಲಿ ನೀವು ಏನ್ ಹೇಳಿದ್ರಿ, ಏನ್ ಬಿಟ್ರಿ ಅಂತ ಯಾರಿಗ್ ನೆನಪಿದೆ ಸುಬ್ಬಣ್ಣೋರೆ?"

ನಾನು ಓದಿದ್ದೆ ಅಂದರೆ ತಪ್ಪು ದೇವೇಂದ್ರನದು. ಅವನ ಚಿಕಿತ್ಸೆಗೆ, ಮುಂದಿನ ಬದುಕಿಗೆ ಯಾರೂ ಹೊಣೆಯಲ್ಲ. ಓದಲಿಲ್ಲ ಅಂದರೆ ತಪ್ಪು ನನ್ನದು, ನನಗೆ ಮೈಕ್ ಕೊಟ್ಟ ಪಂಚಾಯಿತಿಯದು, ಕಾಗದದ ಪ್ರತಿ ಮೇಜಿನಲ್ಲಿದ್ದರೂ ಮರ ಹತ್ತಿಸಿದ ಗೌಡರದು. ಮರುದಿನ ಅಧಿಕಾರಿಯ ಎದುರು, ಎಲ್ಲರೂ ಕೂತಿದ್ದಲ್ಲಿ, ಆ ಕೊನೆಯ ಸಾಲು ಓದಲಿಲ್ಲ ಎಂದು ಹೇಳಿದೆ. ಬಣ್ಣವಿಲ್ಲದೆ, ಮೆಲ್ಲಗೆ ಹೇಳಿದೆ. ಅವರು ಕೇಳಿಸಲಿಲ್ಲವೆಂದು ಎರಡನೇ ಸಲ ಹೇಳಿಸಿದರು. ಬರೆದುಕೊಂಡು ಸಹಿ ಹಾಕಿಸಿದರು.

ಅಂದಿನಿಂದ ಎಸ್ಟೇಟಿನ ಗೇಟು ನನಗೆ ಮುಚ್ಚಿದೆ. ಚಹದಂಗಡಿ ಶಿವಯ್ಯ ಲೋಟ ಇಡುತ್ತ, "ಏನ್ ಮಾರಾಯ, ಮುಂದಿನ ನಾಟಕ ಯಾವುದು? ಜನ ಎಲ್ಲಿ ಕೂರ್ಬೇಕು, ನೆಲದ ಮೇಲಾ ಮರದ ಮೇಲಾ?" ಅನ್ನುತ್ತಾನೆ. ನಾನು ಕುಡಿದು ಎದ್ದು ಬರುತ್ತೇನೆ. ದೇವೇಂದ್ರನ ಪರಿಹಾರದ ಕಡತ ಮೇಲಕ್ಕೆ ಹೋಗಿದೆಯಂತೆ. ಏನಾದರೂ ಆದೀತು, ಆಗದೆಯೂ ಇದ್ದೀತು.

ನಿನಗೆ ಹೊತ್ತಿಗೆ ಸರಿಯಾಗಿ ಊಟ, ಕಣ್ತುಂಬ ನಿದ್ದೆ, ಕಾಲ ಕೆಳಗೆ ಗಟ್ಟಿ ನೆಲ ಕೊಡಲೆಂದು ದೇವರಲ್ಲಿ ಬೇಡುತ್ತೇನೆ. ನಿನ್ನಮ್ಮನ ಹರಕೆಯೂ ಅದೇ.

ಇಂತು ನಿನ್ನ ಅಪ್ಪ,
ಸುಬ್ಬಣ್ಣ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಸಹಿಯಾದ ಮೇಲೆ ಆ ಅಧಿಕಾರಿಯನ್ನು ಜೀಪಿನವರೆಗೆ ಬಿಡಲು ಹೋಗಿದ್ದೆ. ಇಷ್ಟಾದ ಮೇಲೂ ನನ್ನ ಹೆಮ್ಮೆ ಸತ್ತಿರಲಿಲ್ಲ ನೋಡು, "ಎರಡನೇ ವಿಮಾನದಲ್ಲಿದ್ದವಳು ನನ್ನ ಮಗಳು ಸಾರ್, ಅವಳ ಮೇಲೇನೂ ತಪ್ಪು ಬರದ ಹಾಗೆ ಬರೀರಿ" ಅಂದೆ. ಹೆಸರು ಕೇಳಿದರು. ಪಟ್ಟಿ ತೆಗೆದು ನೋಡಿದರು. ಫೋನಿನಲ್ಲಿ ಯಾರ ಹತ್ತಿರವೋ ಮಾತಾಡಿದರು. ಆಮೇಲೆ ಟೋಪಿ ತೆಗೆದು, "ಆ ದಿನ ಹಾರಿದವರಲ್ಲಿ ಆ ಹೆಸರಿಲ್ಲ ಯಜಮಾನರೇ. ಡಿಸೆಂಬರಿನಲ್ಲೇ ಅವರನ್ನು ಹಾರಾಟದಿಂದ ತೆಗೆದು ಆಫೀಸ್ ಕೆಲಸಕ್ಕೆ ಹಾಕಿದ್ದಾರೆ. ಮನೆಗೆ ತಿಳಿಸಿರಬೇಕಲ್ಲ" ಎಂದರು. "ಹೌದು ಹೌದು, ತಿಳಿಸಿದ್ದಾಳೆ, ನನಗೇ ಮರೆವು" ಅಂದೆ. ಆ ಪಾರ್ಟು ಚೆನ್ನಾಗಿ ಬಂತು, ಅವರು ನಂಬಿದರು.

ಡಿಸೆಂಬರಿನಿಂದೀಚೆಗೆ ನೀನು ಮೂರು ಪತ್ರ ಬರೆದಿದ್ದೀಯ. ಒಂದರಲ್ಲಿ ಮೋಡದೊಳಗೆ ಹೊಕ್ಕರೆ ಗಾಜಿನ ಮೇಲೆ ನೀರು ಹೇಗೆ ಹಿಮ್ಮುಖವಾಗಿ ಹರಿಯುತ್ತದೆ ಎಂದಿತ್ತು. ಅದನ್ನು ನಿನ್ನಮ್ಮ ನನ್ನಿಂದ ನಾಲ್ಕು ಸಲ ಓದಿಸಿಕೊಂಡಳು. ಅವಳಿಗೆ ನಾನಿನ್ನೂ ಹೇಳಿಲ್ಲ. ದೇವೇಂದ್ರನಿಗೂ ಹೇಳಿಲ್ಲ. ಅವನು ಪಕ್ಕದ ಮಂಚದವರಿಗೆಲ್ಲ, "ನಾನು ಅಂಗಿ ಬೀಸಿದಾಗ ಅವಳು ರೆಕ್ಕೆ ಅಲ್ಲಾಡಿಸಿದಳು" ಎನ್ನುತ್ತಾನೆ. ಅವನ ಮುಂದೆ ನಿಂತು, ಆ ವಿಮಾನದಲ್ಲಿ ನಾನಿರಲಿಲ್ಲ ಎಂದು ಹೇಳುವವಳು ನೀನೇ ಆಗಬೇಕು. ರಜೆ ಕೇಳಿ ಬಾ. ಯೂನಿಫಾರಂ ಹಾಕಿಕೊಂಡು ಬರಬೇಡ.