ಅಸ್ಮಾಗೆ ನಾನು ಬರೆದ ಐವತ್ತು

ಕೌಲ್ ಬಜಾರ್, ಬಳ್ಳಾರಿ
೧೨-೧೧-೨೦೦೯, ಗುರುವಾರ

ಪ್ರೀತಿಯ ಮಗ ಮುಸ್ತಾಕ್‌ಗೆ ನಿಮ್ಮಪ್ಪ ಹಸನಸಾಬನ ಸಲಾಂ.

ಈ ಕಾಗದ ನಾನಾಗಿ ಬರೆಯಾಕತ್ತಿಲ್ಲ. ನಿಮ್ಮಮ್ಮ ಶಾಹಜಾನಬಿ ಪೆನ್ನು ಕೈಗೆ ತುರುಕಿ, ಬರೆದು ಮುಗಿಸೋ ತನಕ ಚಾ ಇಲ್ಲ ಅಂತ ಹೇಳಿ ಒಳಗ ಹೋಗ್ಯಾಳ. ಮೂವತ್ತೈದು ವರ್ಷ ವೆಲ್ಡಿಂಗ್ ರಾಡ್ ಹಿಡಿದ ಕೈ ಇದು. ನಾಕನೇತ್ತ ಮುಗಿಯೋದರೊಳಗ ಸಾಲಿ ಬಿಟ್ಟವನು ನಾನು, ಅಕ್ಷರ ನೋಡಿ ನಗಬ್ಯಾಡ. ಫೋನ್ ಮಾಡ್ತೀನಿ ಅಂದರ, "ನೀವು ಅಪ್ಪ ಮಗ ಫೋನಿನಾಗ ಮಾತಾಡೋದಿಲ್ಲ, ಒದರ್ತೀರಿ" ಅಂತಾಳ. ಅದೂ ಖರೇನ ಐತಿ. ಹೋದ ಸಲ ಯಾರು ಮೊದಲು ಕಟ್ ಮಾಡಿದ್ರು ಅನ್ನೋದು ಈ ಮನ್ಯಾಗ ಇನ್ನೂ ತೀರ್ಮಾನ ಆಗಿಲ್ಲ.

ನಿನ್ನ ಕೆಮ್ಮು ಹೆಂಗೈತಿ? ಇಲ್ಲಿ ಲಾರಿ ಧೂಳು ತಡೆಯೋಕಾಗಲ್ಲ ಅಂತ ಹೋದವನು, ಅದ ಅದಿರು ಹಡಗಿಗೆ ತುಂಬೋ ಬಂದರಿನಾಗ ಲೋಡರ್ ರಿಪೇರಿಗೆ ಕುಂತಿ. ನಿನ್ನ ಬುದ್ಧಿಗೆ ಏನು ಹೇಳೋದು. ಮೂಗಿಗೆ ಒದ್ದಿ ಬಟ್ಟೆ ಕಟ್ಕೊಂಡು ಕೆಲಸ ಮಾಡು. ನಿನ್ನ ಹೆಂಡತಿ ಗುಲ್ನಾಜ್ ಚಲೋ ಅದಾಳ. ಬಕ್ರೀದ್ ಮುಂದ ಐತಲ್ಲ, ಜೀನ್ಸ್ ಯೂನಿಟ್‌ನಾಗ ಕೈತುಂಬ ಕೆಲಸ. ನನ್ನ ಮೊಣಕಾಲು ಹೆಂಗಿತ್ತೋ ಹಂಗೈತಿ, ಅದನ್ನ ಬರೆದು ಏನು ಉಪಯೋಗ.

ಈಗ ವಿಷಯಕ್ಕ ಬರ್ತೀನಿ. ನೀನು ಫೋನಿನಾಗ ಹೇಳಿದ್ದು ಒಂದ ಮಾತು: "ಅಸ್ಮಾಗ ಹದಿಮೂರು ತುಂಬಿತು, ಆ ಸ್ಕೂಟರ್ ಕಸಗೊಂಡು ಅಟ್ಟಕ್ಕ ಹಾಕ್ರಿ, ಓಣ್ಯಾಗ ನಾಕು ಮಂದಿ ಏನಂದಾರು." ನಿನ್ನ ಮಗಳ ಆ ಸ್ಕೂಟರ್ ಪೆಟ್ರೋಲಿಂದಲ್ಲ ಅನ್ನೋದಾದರೂ ನಿನಗ ಗೊತ್ತೋ ಇಲ್ಲೋ. ಅಂಗೈಯಷ್ಟು ಎರಡು ಗಾಲಿ, ನಿಲ್ಲಾಕ ಒಂದು ಹಲಗಿ, ಮುಂದ ಒಂದು ಹ್ಯಾಂಡಲ್, ಕಾಲಿಲೆ ತಳ್ಳೋದು. ಅದರ ಮ್ಯಾಲ ರ‍್ಯಾಂಪ್ ಏರಿ ಗಾಳಿಯಾಗ ಹಾರಿ ಹಲಗಿನ ಹ್ಯಾಂಡಲ್ ಸುತ್ತ ತಿರುಗಿಸಿ ಮತ್ತ ಕಾಲಡಿಗೆ ತಗೋತಾರ. ಗಣಿ ಮಾಲೀಕರೊಬ್ಬರ ಮಗ ಪರದೇಶದಾಗ ಓದಿ ಬಂದು ಈ ಹುಚ್ಚು ತಂದ. ಹೋದ ವರ್ಷ ಅವರ ಬಂಗಲೆಗೆ ರ‍್ಯಾಂಪ್ ಮಾಡಿಕೊಟ್ಟವನು ನಾನ. ಪೈಪು ಬಗ್ಗಿಸಿ ಮ್ಯಾಲ ಪ್ಲೈವುಡ್ ಹೊಡೆದೆ. ಹ್ಯಾಂಡಲ್ ಮುರಿದ ಸ್ಕೂಟರೊಂದು ಮೂಲ್ಯಾಗ ಬಿದ್ದಿತ್ತು, ಕೇಳಿ ತಂದು ಬೆಸುಗಿ ಹಾಕಿದೆ. ಅಸ್ಮಾ ಅದನ್ನ ಹತ್ತಿದಾಕಿ ಇನ್ನೂ ಇಳಿದಿಲ್ಲ. ಮೊಣಕಾಲಿಗೆ ಗುಲ್ನಾಜ್ ಜೀನ್ಸ್ ಚೂರು ಹೊಲಿದು, ಒಳಗ ಹತ್ತಿ ತುಂಬಿ ಕೊಟ್ಟಾಳ.

ಹೋದ ಭಾನುವಾರ ಕೋಟೆ ಗುಡ್ಡದ ಕೆಳಗಿನ ಮೈದಾನದಾಗ ಸ್ಪರ್ಧೆ ಇಟ್ಟಿದ್ರು. ಕುರುಗೋಡು, ಸಿರುಗುಪ್ಪ, ಸಿರಿಗೇರಿ ಕಡಿಯಿಂದೆಲ್ಲ ಹುಡುಗರು ಬಂದಿದ್ರು, ಒಟ್ಟು ಹದಿನಾಕು ಮಂದಿ, ಹುಡುಗಿ ಅಂದ್ರ ನಿನ್ನ ಮಗಳೊಬ್ಬಾಕಿ. ಮೂರು ಮಂದಿ ಜಡ್ಜ್ ಬೇಕು. ಬೆಂಗಳೂರಿಂದ ಬರೋ ಒಬ್ಬನಿಗೆ ರೈಲು ತಪ್ಪಿತಂತ. ಆಗ ಡ್ರಿಲ್ ಮೇಷ್ಟ್ರು ವಿರೂಪಾಕ್ಷಪ್ಪ, "ರ‍್ಯಾಂಪ್ ಮಾಡಿದ ಸಾಬ್ರ ಅದಾರಲ್ಲ, ಉರುಸಿನ ಕುಸ್ತಿಗೂ ಪಂಚರಾಗಿ ನಿಲ್ತಾರ" ಅಂತ ನನ್ನ ಕೈ ಹಿಡಿದು ಕುರ್ಚಿ ಮ್ಯಾಲ ಕುಂದರಿಸಿದ್ರು. ನನ್ನ ಮೊಮ್ಮಗಳು ಆಡಾಕತ್ತಾಳ ಅಂತ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಬಿಳಿ ಕುರ್ಚಿ, ಎದಿಗೆ ಬಿಲ್ಲೆ, ಮುಂದ ನೀರಿನ ಬಾಟ್ಲಿ. ಕುಂತ ಮ್ಯಾಲ ಹೇಳಾಕ ಬಾಯಿ ಬರಲಿಲ್ಲ.

ದೊಡ್ಡ ಜಡ್ಜ್ ಪುಣೆಯವನು, ಕಿವಿಯಾಗ ಓಲೆ, ಕೂದಲ ಅರ್ಧ ಹಳದಿ. ಇವನೇನು ಹೇಳ್ಯಾನು ಅಂದ್ಕೊಂಡೆ. ಆದರ ಕೆಲಸ ಬಲ್ಲವನು. ಇದರಾಗ ಇಂಥ ಕಸರತ್ತಿಗೆ ಇಷ್ಟು ಅಂಕ ಅಂತ ರೇಟು ಇಲ್ಲ, ಚಾಚಾ, ಅಂತ ಹಿಂದಿಯಾಗ ಹೇಳಿದ. ಒಬ್ಬೊಬ್ಬಗ ಒಂದು ನಿಮಿಷ, ಎರಡು ಸರದಿ, ಎರಡರಾಗ ಚಲೋದಷ್ಟ ಲೆಕ್ಕ. ಎಷ್ಟು ಕಷ್ಟದ್ದು ಮಾಡಿದ, ಎಷ್ಟು ಸ್ವಚ್ಛ ಇಳಿದ, ಎಷ್ಟು ಎತ್ತರ ಹಾರಿದ, ಮಾಡಿದ್ದನ್ನ ಮತ್ತ ಮತ್ತ ಮಾಡಿದನೋ ಬ್ಯಾರೆ ಬ್ಯಾರೆ ಮಾಡಿದನೋ, ಮೈದಾನ ಪೂರಾ ಬಳಸಿದನೋ, ನಡುವ ಕಾಲು ಊರಿದನೋ, ಎಲ್ಲ ಕೂಡಿಸಿ ನೂರಕ್ಕ ಒಂದ ಅಂಕಿ ಬರೀಬೇಕು. ಮೂವರದ್ದೂ ಕೂಡಿಸಿ ಮೂರರಿಂದ ಭಾಗಿಸ್ತಾರ. ಮೊದಲು ಬಂದವನಿಗೆ ತೊಂಬತ್ತು ಕೊಟ್ಟು ಕೈ ಖಾಲಿ ಮಾಡ್ಕೋಬ್ಯಾಡ್ರಿ, ಅವನಿಗಿಂತ ಚಲೋ ಆಡೋನು ಬಂದರ ಎಲ್ಲಿ ಜಾಗ ಅಂದ. ಅದು ನನಗ ಭಾಳ ಹಿಡಿಸಿತು.

ಹಿಡಿಸಿದರೂ ಮೊದಲ ಆಟಕ್ಕ ಎಡವಿದೆ. ಬಾದನಹಟ್ಟಿ ಮಾರೇಶ ಅಂತ ಹುಡುಗ, ಎರಡು ಸಲ ಚಲೋ ಹಾರಿ ಮೂರನೇದಕ್ಕ ಅಂಗಾತ ಬಿದ್ದ. ನಾನು ಸೊನ್ನಿ ಬರೆದು ಪೆನ್ನು ಕೆಳಗಿಟ್ಟೆ. ಕುಸ್ತಿಯಾಗ ಬೆನ್ನಿಗೆ ಮಣ್ಣು ಹತ್ತಿದರ ಮುಗೀತಲ್ಲ. ಪುಣೆಯವ ನನ್ನ ಹಾಳಿ ನೋಡಿ, "ಚಾಚಾ, ಅವನು ಎದ್ದು ಇನ್ನೂ ಆಡಾಕತ್ತಾನ, ನೀವು ಆಗಲೇ ಹೂಳಿಬಿಟ್ಟೀರಿ" ಅಂದ. ಬಿದ್ದರ ಆ ಒಂದು ಕಸರತ್ತು ಹೋತು, ಅದರ ಚಂದ ಹೋತು, ಉಳಿದದ್ದು ಉಳೀತು. ವಿರೂಪಾಕ್ಷಪ್ಪ ಮೇಷ್ಟ್ರು ಬಾಯಿಗೆ ಕರ್ಚೀಫ್ ಹಿಡ್ಕೊಂಡು ನಕ್ಕರು. ನಾನು ಹೊಡೆದು ಹಾಕಿ ನಲವತ್ತೆಂಟು ಬರೆದೆ. ಕಡೀಗೆ ಆ ಮಾರೇಶನೇ ಎರಡನೇ ಸರದಿಯಾಗ ಮೊದಲು ಬಂದ.

ಆಮ್ಯಾಲ ನನಗ ದಾರಿ ಸಿಕ್ತು. ಎರಡೂ ಗಾಲಿ ಕೂಡಿ ಪ್ಲೈವುಡ್ ಮ್ಯಾಲ ಇಳಿದ್ರ ಒಂದ ಸಪ್ಪಳ ಬರತೈತಿ. ಒಂದು ಮುಂದ ಒಂದು ಹಿಂದ ಇಳಿದ್ರ ಎರಡು ಸಪ್ಪಳ. ನನ್ನ ಕೈಲೇ ಹೊಡೆದ ಪ್ಲೈವುಡ್ ಅದು, ನನ್ನ ಕಿವಿಗೆ ಸುಳ್ಳು ಹೇಳೋದಿಲ್ಲ. ಪುಣೆಯವನೂ ಕಣ್ಣು ಮುಚ್ಚಿ ಕೇಳಿ ಹೌದಂತ ಗೋಣು ಹಾಕಿದ. ನಡುವ ಯಾರೋ ದೊಡ್ಡವರ ಹೆಲಿಕಾಪ್ಟರ್ ಬಂದು ಕೆಂಪು ಧೂಳೆಲ್ಲ ಎಬ್ಬಿಸಿ ಹೋತು. ಹತ್ತು ನಿಮಿಷ ಆಟ ನಿಲ್ಲಿಸಿ ರ‍್ಯಾಂಪ್ ಒರೆಸಬೇಕಾತು, ಗಾಲಿ ಜಾರ್ತಾವು. ಅದರಾಗ ಇದ್ದವರಿಗೆ ನಾನು ಮನಸಿನಾಗ ಕೊಟ್ಟ ಅಂಕ ಇಲ್ಲಿ ಬರೆಯೋದಿಲ್ಲ.

ಅಸ್ಮಾ ಮೊದಲ ಸರದಿಯಾಗ ಬಿದ್ದಳು. ಎರಡನೇದಕ್ಕ ಬಂದಾಗ ಮೂರು ಸಲ ಹಾರಿದಳು, ಮೂರು ಸಲಾನೂ ಒಂದೊಂದ ಸಪ್ಪಳ. ಹಲಗಿ ತಿರುಗಿಸಿದಳು, ಹ್ಯಾಂಡಲ್ ತಿರುಗಿಸಿದಳು, ಕಾಲು ಊರಲಿಲ್ಲ. ನನ್ನ ಮನಸಿನಾಗ ಎಪ್ಪತ್ನಾಕು ಬಂತು. ಅಷ್ಟರಾಗ ಹಿಂದ ಯಾರೋ, "ಸಾಬ್ರ ಮೊಮ್ಮಗಳಲ್ಲೇನಲೇ ಆಕಿ?" ಅಂದ್ರು. ಅದು ಕಿವಿಗೆ ಬಿದ್ದದ್ದ ತಡ, ಪೆನ್ನು ಐವತ್ತು ಬರೀತು.

ಮೇಷ್ಟ್ರು ಎಪ್ಪತ್ತೊಂದು ಕೊಟ್ಟಿದ್ರು, ಪುಣೆಯವ ಎಪ್ಪತ್ಮೂರು. ನನ್ನ ಐವತ್ತು ಸೇರಿ ಆಕಿ ನಾಕನೇದಾಕಿ ಆದಳು. ಮುಂದಿನ ದೊಡ್ಡ ಸ್ಪರ್ಧೆಗೆ ಪುಣೆಗೆ ಹೋಗೋರು ಮೊದಲ ಮೂವರಷ್ಟ. ಇನ್ನೂ ಮೈಕಿನಾಗ ಕೂಗಿರಲಿಲ್ಲ. ಪುಣೆಯವ ಹಾಳಿ ಹಿಡ್ಕೊಂಡು ಬಂದ. "ಮೂವರಾಗ ಒಬ್ಬರ ಅಂಕಿ ಇಷ್ಟು ದೂರ ಇದ್ರ ಕಾರಣ ಕೇಳೋದು ಪದ್ಧತಿ. ಏನು ತಪ್ಪು ಕಂಡ್ರಿ ಚಾಚಾ?" ನಾನು ತಪ್ಪು ಹುಡುಕಿದೆ, ಸಿಗಲಿಲ್ಲ. "ಆಕಿ ನನ್ನ ಮೊಮ್ಮಗಳು" ಅಂದೆ. ಅವನು ಬೈಯಲಿಲ್ಲ. "ಸಂಬಂಧ ನೋಡಿ ಕಡಿಮಿ ಬರೆಯೋದೂ ಹೆಚ್ಚು ಬರೆದಷ್ಟ ತಪ್ಪು" ಅಂದ. ನನ್ನ ಅಂಕಿ ಹೊಡೆದು, ಉಳಿದ ಎರಡರ ಮ್ಯಾಲ ಲೆಕ್ಕ ಹಾಕಿದ. ಎಪ್ಪತ್ತೆರಡು, ಮೂರನೇ ಜಾಗ. ನನಗಿಂತ ಮೂವತ್ತೈದು ವರ್ಷ ಸಣ್ಣವನ ಮುಂದ ತಲಿ ತಗ್ಗಿಸಿ ನಿಂತಿದ್ದೆ, ಮುಸ್ತಾಕ್.

ಅದರಿಂದ ಮೂರರಿಂದ ನಾಕಕ್ಕ ಇಳಿದ ಹುಡುಗ ಸಿರುಗುಪ್ಪದವನು, ಅಕ್ಕಿ ಗಿರಣಿಯ ಭತ್ತ ಒಣಗಿಸೋ ಕಣದ ಮ್ಯಾಲ ಆಡಿ ಕಲಿತವನು. ಅವರಪ್ಪ ಮೈಲಾರಪ್ಪ ಸಿಟ್ಟಿನಾಗ ಬಂದು, "ಏನ್ರೀ ಸಾಬ್ರೇ, ಕುರ್ಚಿ ಮ್ಯಾಲ ಕುಂತು ಮೊಮ್ಮಗಳಿಗೆ ಟಿಕೀಟ್ ಕೊಡಿಸಿದ್ರಿ?" ಅಂದ. ನಾನು ನನ್ನ ಹಾಳಿ ಅವನ ಕೈಗೆ ಕೊಟ್ಟೆ. ಎರಡು ಸಲ ಓದಿದ. "ಐವತ್ತೇ? ನಮ್ಮ ಹುಡುಗಗ ಎಪ್ಪತ್ತು ಬರೆದು, ಸ್ವಂತ ಮೊಮ್ಮಗಳಿಗೆ ಐವತ್ತೇನ್ರೀ? ಮನಿಗೆ ಹೋದ ಮ್ಯಾಲ ನಿಮಗ ಅನ್ನ ಹಾಕ್ತಾರೋ ಇಲ್ಲೋ" ಅಂತ ನಕ್ಕ. ಮಂಡಕ್ಕಿ ಮಿರ್ಚಿ ಕೊಡಿಸಿದ. ಚಲೋ ಮನುಷ್ಯ.

ಆಟೋದಾಗ ಬರುವಾಗ ಅಸ್ಮಾ ಸ್ಕೂಟರ್ ತೊಡಿ ಮ್ಯಾಲ ಇಟ್ಕೊಂಡು ಕೇಳಿದಳು, "ತಾತ, ಐವತ್ತು ಯಾಕ?" ಮಂದಿ ಏನಂದಾರು ಅಂತ ಬರೆದೆ ಅಂದೆ. ಆಕಿ ಬೆರಳಿಲೆ ಗಾಲಿ ಒಂದು ಸುತ್ತು ತಿರುಗಿಸಿದಳು. "ನಾನು ಬಿದ್ದಿದ್ರ ಸರಿ ಇತ್ತು. ಬಿದ್ದಿಲ್ಲಲ್ಲ ತಾತ" ಅಂದಳು. ಆಕಿ ಸಿಟ್ಟೇನೂ ಇಟ್ಕೊಂಡಿಲ್ಲ. ಮನಿ ಮುಂದ ಇಳಿದಾಕಿನೇ ಓಣಿ ಪೂರಾ ಎರಡು ಸುತ್ತು ಹೊಡೆದು ಬಂದಳು. ನೀನು ಹೇಳಿದ ಆ ನಾಕು ಮಂದಿ ಕಟ್ಟಿ ಮ್ಯಾಲ ಕುಂತು ನೋಡಿದ್ರು. ಅವರಾಗ ಇಬ್ಬರು ನನ್ನ ಕೇಳಿದ್ದು, ತಮ್ಮ ಹುಡುಗರಿಗೂ ಇಂಥದ್ದೊಂದು ಬೆಸುಗಿ ಹಾಕಿ ಕೊಡ್ತೀರೇನು ಅಂತ.

ನಾವೆಲ್ಲ ಆರಾಮ ಅದೀವಿ. ನಿಮ್ಮಮ್ಮ ಚಾ ತಂದಿಟ್ಟಾಳ, ಕಾಗದ ಮುಗೀತು ಅಂತ ತಿಳಕೊಂಡು. ನಿನ್ನ ಸಂಗಡ ಕೆಲಸ ಮಾಡೋರಿಗೆಲ್ಲ ನನ್ನ ಸಲಾಂ ಹೇಳು. ಅಲ್ಲಾಹ್ ನಿನ್ನ ಕೈಕಾಲು ಗಟ್ಟಿ ಇಡಲಿ, ಕೆಮ್ಮು ತೆಗೀಲಿ.

ನಿಮ್ಮಪ್ಪ
ಹಸನಸಾಬ್

ತಾ.ಕ.: ಮುಖ್ಯದ್ದು ಬಿಟ್ಟು ಉಳಿದದ್ದೆಲ್ಲ ಬರೆದೀನಿ. ಇದರ ಸಂಗಡ ಒಂದು ಫಾರ್ಮ್ ಐತಿ. ಡಿಸೆಂಬರ್ ಇಪ್ಪತ್ತಕ್ಕ ಪುಣೆಯಾಗ ಆಟ. ಗುಲ್ನಾಜ್ ಜೋಡಿಗೆ ಹೋಗ್ತಾಳ, ರಜಾನೂ ಕೇಳ್ಯಾಳ. ತಂದೆಯ ಸಹಿ ಅನ್ನೋ ಕಡೆ ನಿನ್ನ ಸಹಿ ಬೇಕು. "ನೀವ ಹಾಕಿಬಿಡ್ರಿ, ಯಾರಿಗೆ ಗೊತ್ತಾಗತೈತಿ" ಅಂದಳು ನಿಮ್ಮಮ್ಮ. ನಾನು ಹಾಕೋದಿಲ್ಲ. ಆಟ ನೋಡಿದ ನಾನೂ ಮಂದಿಗೆ ಅಂಜಿ ತಪ್ಪು ಬರೆದೆ, ಒಂದ ದಿನಾನೂ ನೋಡದ ನೀನೂ ಮಂದಿಗೆ ಅಂಜಿ ಫೋನಿನಾಗ ಅಂಥದ್ದ ಅಂಕ ಕೊಟ್ಟಿ. ನಂದು ಹೊಡೆದು ಹಾಕಾಕ ಪುಣೆಯವನಿದ್ದ, ನಿಂದು ನೀನ ಹೊಡೀಬೇಕು. ಆಗೋದಿಲ್ಲ ಅನ್ನೋದಾದರ ಖಾಲಿ ಫಾರ್ಮ್ ವಾಪಸ್ ಕಳಿಸು. ಕಾರಣ ನನಗ ಬರೀಬ್ಯಾಡ, ಅಸ್ಮಾಳ ಹೆಸರಿಗೆ ಬರಿ, ಆಕಿ ಓದಲಿ. ನವೆಂಬರ್ ಇಪ್ಪತ್ತೈದರೊಳಗ ಉತ್ತರ ಬರಬೇಕು.